ಡಿಯೆಪಕ್ಕನ ಬೋಣಿ

ಫ್ಯಾನಿನ ಗಾಳಿಗೆ ಹಳೆಯ ಪತ್ರಿಕೆಯ ಒಂದು ಮೂಲೆ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ — ಬಣ್ಣದ ಹನಿ ಬೀಳದಿರಲೆಂದು ನೆಲಕ್ಕೆ ಹಾಸಿದ್ದು, ಮಿಕ್ಕದ್ದನ್ನೆಲ್ಲ ನಿನ್ನೆಯೇ ಮಡಿಚಿ ಹೊರಗಿಟ್ಟೆ, ಗೋಡೆಬದಿಯ ಮೇಜಿನ ಕೆಳಗೆ ಇದೊಂದು ಹೇಗೋ ಉಳಿದುಬಿಟ್ಟಿದೆ, ಎತ್ತಬೇಕು, ಆಮೇಲೆ ಎತ್ತಿದರಾಯಿತು, ಆರೂವರೆ ಈಗ, ಏಳಕ್ಕೆ ನನ್ನ ಶಾವಿಗೆ ಹೋಟ್ಲಿನ ಬಾಗಿಲು ಮೊದಲ ಸಲ ತೆರೆಯಬೇಕು, ಏಳರಿಂದ ಒಂಬತ್ತು ಒಳ್ಳೆಯ ಗಳಿಗೆಯೆಂದು ಅಮ್ಮ ಪಂಚಾಂಗ ನೋಡಿಸಿಕೊಂಡು ಬಂದಿದ್ದಾಳೆ. ಎಲ್ಲ ಸಿದ್ಧವಿದೆ. ಸುಮ್ಮನೆ ಹೇಳುವ ಮಾತಲ್ಲ, ಹದಿನೆಂಟು ವರ್ಷ ಮೀನುರಸದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಹನಿ ಎಣಿಸಿ ಉಪ್ಪು ಅಳೆದವಳು ನಾನು, ಅಳೆಯದೆ ಏನನ್ನೂ ನಂಬುವುದಿಲ್ಲ — ಈ ಜಾಗ ಮೊದಲು ಮೋಟಾರ್ ಸೈಕಲ್ ರಿಪೇರಿ ಅಂಗಡಿ, ನೆಲ ಎಣ್ಣೆ ಕುಡಿದು ಕಪ್ಪಾಗಿತ್ತು, ಸೀಮೆಸುಣ್ಣದಲ್ಲಿ ನಾಲ್ಕು ಚೌಕ ಬರೆದು ನಾಲ್ಕು ಥರದ ಪುಡಿ ಹಾಕಿ ತಿಕ್ಕಿ ನೋಡಿದೆ, ಗೆದ್ದದ್ದು ಬಟ್ಟೆಸೋಡಾ ಮತ್ತು ಮರದ ಹೊಟ್ಟು. ಗೋಡೆಯಿಂದ ಬಿಳಿ ಪುಡಿ ಉದುರುತ್ತಿತ್ತು, ಕ್ವಿ ನ್ಯೋನ್ ಊರಲ್ಲಿ ಯಾವ ಗೋಡೆ ಉದುರುವುದಿಲ್ಲ, ಸಮುದ್ರ ಮೂರೇ ಬೀದಿ ಆಚೆ, ಕೆರೆದು ನೀರಿಗೆ ಹಾಕಿ ಉಪ್ಪು ತೋರಿಸುವ ಬೆಳ್ಳಿಯ ದ್ರಾವಣ ಎರಡು ಹನಿ ಬಿಟ್ಟೆ, ಲೋಟ ಹಾಲಿನಂತಾಯಿತು, ಗಾರೆ ಕೆಲಸದ ಚಿನ್ ಮಾಮ ಪಕ್ಕದಲ್ಲಿ ಸಿಗರೇಟು ಸೇದುತ್ತ ನಿಂತವನು, ಏನ್ ಉಯೆನ್ ಮೇಡಮ್ಮೋರೇ, ಗೋಡೆಗೆ ಮೂತ್ರ ಪರೀಕ್ಷೆನಾ, ಸಕ್ಕರೆ ಕಾಯಿಲೆ ಬಂದಿದೆಯಂತಾ, ಇಲ್ಲ ಮಾಮ, ಬಿಪಿ, ಉಪ್ಪು ಜಾಸ್ತಿಯಾಗಿದೆ. ನಕ್ಕು ಕೆಮ್ಮಿದ. ಪ್ಲಾಸ್ಟಿಕ್ ಬಣ್ಣ ಬಳಿದರೆ ಒಂದು ದಿನದ ಕೆಲಸ ಅಂದ, ಒಂದು ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ ಅಂದೆ, ಸೊಂಟದೆತ್ತರಕ್ಕೆ ಗಾರೆ ಕೀಳಿಸಿ ಸುಣ್ಣದ ಗಾರೆಯನ್ನೇ ಹಾಕಿಸಿದೆ, ಈಗ ಅಂಗೈ ಇಟ್ಟರೆ ತಣ್ಣಗಿದೆ, ಒಣಗಿದೆ, ಉಸಿರಾಡುತ್ತಿದೆ, ಗೋಡೆ ಗೆದ್ದೆ.

ಬಣ್ಣ ಗೆದ್ದದ್ದು ಮಾತ್ರ ನಾನಲ್ಲ. ಹನ್ನೊಂದು ಪಟ್ಟಿ ಬಳಿದು, ಬೆಳಿಗ್ಗೆಯ ಬೆಳಕಲ್ಲಿ ಹೇಗೆ, ದೀಪದಲ್ಲಿ ಹೇಗೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತ ಕೂತಿದ್ದೆ, ಡಿಯೆಪಕ್ಕ ಬಂದಳು, ನನಗಿಂತ ನಾಲ್ಕು ವರ್ಷ ದೊಡ್ಡವಳು ನನ್ನಕ್ಕ, ಕೈಯಲ್ಲಿ ಮುಚ್ಚಿಟ್ಟ ಬಟ್ಟಲು, ಮೀನುವಡೆ ಶಾವಿಗೆ, ಜನ ಗೋಡೆ ತಿನ್ನಕ್ಕೆ ಬರ್ತಾರೇನೇ, ಗೋಡೆ ಮುಂದೆ ಬಟ್ಟಲು ಹಿಡಿದು ನೋಡು, ಎಂದಳು. ಹಿಡಿದು ನೋಡಿದೆ. ಆರನೆಯ ಪಟ್ಟಿ, ಮಾಗುವ ಭತ್ತದ ಬಣ್ಣ, ಅದರ ಮುಂದೆ ಸಾರಿನ ಟೊಮೇಟೊ ಕೆಂಪು ಹೊಳೆಯಿತು, ಈರುಳ್ಳಿ ಎಲೆ ಆಗತಾನೇ ಕೊಯ್ದ ಹಾಗೆ ಕಂಡಿತು, ಪುಸ್ತಕ ಮುಚ್ಚಿದೆ. ವಡೆಯೂ ಅವಳದೇ. ಮೀನಿನ ತಿರುಳು ಹತ್ತು ಡಿಗ್ರಿಗಿಂತ ಬಿಸಿಯಾದರೆ ಅಂಟು ಹೋಗಿ ಪುಡಿಪುಡಿಯಾಗುತ್ತದೆ, ನಾನು ಥರ್ಮಾಮೀಟರ್ ಚುಚ್ಚಿ ಚುಚ್ಚಿ ಹತ್ತೊಂಬತ್ತು ಸಲ ಕುಟ್ಟಿದೆ, ಅವಳು ಐಸಿನ ಮೇಲೆ ಒರಳಿಟ್ಟು ರೇಡಿಯೋ ಕೇಳುತ್ತ ಕುಟ್ಟುತ್ತಾಳೆ, ಅಷ್ಟೇ, ಗೋಡೆಗೆ ಎಸೆದರೆ ಪುಟಿಯುವಂಥ ವಡೆ. ಈ ಅಂಗಡಿಯಲ್ಲಿ ಮಾರುವುದು ಅವಳ ಕೈ. ಕೆಡವಿದ ಹಳೇ ಮನೆಯಿಂದ ತಂದ ಹೂವಿನ ಟೈಲ್ಸು ಒಂಬತ್ತು ಕಡಿಮೆ ಬಿದ್ದು ಹೊಸ್ತಿಲ ಬಳಿ ಬರೀ ಕೆಂಪು ಸಾಲು ಹಾಕಿಸಿದಾಗ ನನಗೆ ಕಣ್ಣಲ್ಲಿ ಮರಳು ಬಿದ್ದಂತಾಗಿತ್ತು, ಚೆನ್ನಾಗಿದೆ ಬಿಡೇ, ಕಾಲಿಡೋ ಜಾಗ ಅಂತ ಗೊತ್ತಾಗತ್ತೆ, ಎಂದು ಅವಳೇ ಮೂರು ಮಧ್ಯಾಹ್ನ ತೆಂಗಿನ ನಾರು ಹಿಡಿದು ಮಂಡಿಯೂರಿ ಅದನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದಳು. ಬಾಗಿಲಿಗೆ ಚಿನ್ ಮಾಮ ದೋಣಿ ಕಟ್ಟುವ ಕಡೆಯಿಂದ ಉಳಿದ ನೀಲಿ ತಂದ, ಉಪ್ಪುಗಾಳಿಗೆ ಇದು ಜಗ್ಗಲ್ಲ ಅಂದ, ಎಲ್ಲ ದೋಣಿಗಳ ನೀಲಿ, ತಿರುಗಿ ಬಾರದ ಆ ಒಂದು ದೋಣಿಯ ನೀಲಿಯೂ, ಡಬ್ಬಿ ತೆರೆದಾಗ ಅಕ್ಕ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತಳು, ಆಮೇಲೆ ಬ್ರಶ್ಶು ಕೊಡು ಎಂದಳು. ಇಷ್ಟೆಲ್ಲ ಮಾಡಿದವಳು ಈ ನೀಲಿ ಬಾಗಿಲಿಂದ ಒಂದು ದಿನವೂ ಒಳಗೆ ಬಂದಿಲ್ಲ, ಬರುವುದು ಹಿತ್ತಲಿಂದ, ಅದೂ ಮಧ್ಯಾಹ್ನದ ಮೇಲೆ.

ಮಧ್ಯಾಹ್ನದ ಮೇಲೆ, ಯಾಕೆಂದರೆ ಅಷ್ಟು ಹೊತ್ತಿಗೆ ಊರಿನ ಎಲ್ಲ ಅಂಗಡಿಗಳಿಗೂ ಬೋಣಿಯಾಗಿರುತ್ತದೆ. ಡಿಯೆಪ್‌ಳ ಕಾಲ್ಗುಣ ಭಾರ ಎಂದು ಮಾರುಕಟ್ಟೆಯಲ್ಲಿ ಮಾತು. ಮದುವೆಗೆ ಮೂರು ದಿನವಿದ್ದಾಗ ಅವಳನ್ನು ಕಟ್ಟಿಕೊಳ್ಳಬೇಕಾದವನು ಕಪ್ಪೆಬೊಂಡಾಸು ಮೀನು ಹಿಡಿಯಲು ಸಮುದ್ರಕ್ಕೆ ಹೋಗಿ ಬಿರುಗಾಳಿಗೆ ಸಿಕ್ಕ, ಹೆಣವೂ ಬರಲಿಲ್ಲ. ಮುಂದಿನ ವರ್ಷ ಬೆಳಗಿನ ಜಾವ ಅವಳು ಮೊದಲಿಗಳಾಗಿ ಮೀನು ಕೊಂಡ ದೋಣಿಯ ಎಂಜಿನ್ನು ಅದೇ ದಿನ ಕೆಟ್ಟಿತು. ಎರಡು ಬಿಂದು. ಎರಡು ಬಿಂದು ಸಿಕ್ಕರೆ ಸಾಕು, ಊರು ಗೆರೆ ಎಳೆದುಬಿಡುತ್ತದೆ, ಆ ಬಿರುಗಾಳಿಯಲ್ಲಿ ಹೋದವರು ಹದಿನಾಲ್ಕು ಜನ, ಉಳಿದ ಹದಿಮೂರು ಜನ ಯಾರ ಕಾಲ್ಗುಣಕ್ಕೆ ಹೋದರು ಎಂದು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಅವಳು ಹಾದುಹೋದರೆ ಮಾರುವವರು ಕಾಗದದ ತುಂಡೊಂದನ್ನು ಹೊತ್ತಿಸಿ ಸರಕಿನ ಮೇಲೆ ಮೂರು ಸುತ್ತು ಸುಳಿದು ಬೀದಿಗೆ ಎಸೆಯುತ್ತಿದ್ದರು, ದೃಷ್ಟಿ ಸುಡುವುದು, ಅವಳಿಗೆ ಗೊತ್ತಾಗಲೆಂದಲ್ಲ, ಗೊತ್ತಾಗದಿರಲೆಂದೂ ಅಲ್ಲ. ಅಮ್ಮ ನನ್ನ ಬೋಣಿಗೆ ಚಿನ್ನದಂಗಡಿ ಫುಂಗ್‌ಳನ್ನು ಗೊತ್ತುಮಾಡಿದ್ದಾಳೆ, ಅವಳು ಹಂದಿ ವರ್ಷದಲ್ಲಿ ಹುಟ್ಟಿದವಳು, ನೀನು ಮೇಕೆ ವರ್ಷದಲ್ಲಿ, ಹೇಳಿ ಮಾಡಿಸಿದ ಹಾಗಿದೆ ಕಣೇ, ಕಾಲಿಟ್ಟ ಕಡೆ ಕಾಸು. ಅಮ್ಮ, ಬೆಕ್ಕಿನ ವರ್ಷವೂ ಮೇಕೆಗೆ ಆಗುತ್ತದಲ್ಲ, ಅಕ್ಕ ಬೆಕ್ಕಿನ ವರ್ಷ ತಾನೇ, ಎಂದೆ. ಅಮ್ಮ ಕೇಳಿಸದವಳಂತೆ ಬೆಳ್ಳುಳ್ಳಿ ಸುಲಿದಳು. ಸುಲಿದು ಮುಗಿದ ಮೇಲೆ, ವರ್ಷ ಆಗತ್ತಮ್ಮ, ಕಾಲು ಆಗಲ್ಲ, ನಾನು ಹೆತ್ತವಳಲ್ವಾ, ನನಗೆ ಬೇಜಾರಿಲ್ವಾ, ಅಂದಳು.

ಫುಂಗ್‌ಗೆ ಎಂಟಕ್ಕೆ ಬನ್ನಿ ಎಂದು ಹೇಳಿದ್ದೇನೆ, ಅಮ್ಮನಿಗೆ ಹೇಳಿಲ್ಲ. ಏಳಕ್ಕೆ ಬರಬೇಕಾದವಳು ಅಕ್ಕ. ನಾನು ತೀರ್ಮಾನ ಮಾಡಿಯಾಗಿದೆ, ಲೆಕ್ಕ ಸರಿಯಾಗಿದೆ, ಸೋಲುವ ಅಂಗಡಿ ಅಲ್ಲ ಇದು, ಸಾರು ಸರಿ, ವಡೆ ಸರಿ, ಬೆಳಕು ಸರಿ, ಸೋತರೂ ಅವಳ ಕಾಲಿಂದಲ್ಲ — ಪತ್ರಿಕೆಯ ಮೂಲೆ ಏಳುತ್ತದೆ, ಬೀಳುತ್ತದೆ. ಎತ್ತಬೇಕು. ಇಪ್ಪತ್ತಮೂರು ವರ್ಷ ನನಗೆ ಆಗ, ರಸಾಯನಶಾಸ್ತ್ರದ ಪದವಿ ಕೈಗೆ ಬಂದು ತಿಂಗಳು, ಕೆಲಸವಿಲ್ಲ, ಶಾಲೆಯ ಎದುರು ಕಬ್ಬಿನಹಾಲಿನ ಗಾಡಿ ಇಟ್ಟೆ, ಮೊದಲ ದಿನ, ಒಬ್ಬ ಗಿರಾಕಿಯೂ ಬಂದಿರಲಿಲ್ಲ, ಅಕ್ಕ ಸೈಕಲ್ಲಿನ ಹಿಂದೆ ಐಸು ಕಟ್ಟಿಕೊಂಡು ಬಂದಳು, ಕರಗತ್ತೆ ಅಂತ ಓಡಿಸ್ಕೊಂಡು ಬಂದೆ ಕಣೇ, ಬೆವರಿದ್ದಳು, ಇಳಿಸಿ ಹೋದಳು, ಬೀದಿಯ ತಿರುವಿನಲ್ಲಿ ಚೈನು ಕಳಚಿತು, ಬಗ್ಗಿ ಚೈನು ಹಾಕುತ್ತಿದ್ದಳು. ಅವಳು ಮರೆಯಾಗುವವರೆಗೂ ಕಾಯಲಾಗಲಿಲ್ಲ ನನಗೆ. ಪತ್ರಿಕೆ ಹರಿದು ಸುರುಳಿ ಸುತ್ತಿ ಕಡ್ಡಿ ಗೀರಿದೆ, ಲೋಟಗಳ ಮೇಲೆ ಮೂರು ಸುತ್ತು, ನೆಲಕ್ಕೆ ಎಸೆದೆ, ಸುಮ್ಮನೆ ಒಂದು ಪ್ರಯೋಗ ಎಂದುಕೊಂಡೆ, ಅಂಚು ಕೆಂಪಾಗಿ ಒಳಕ್ಕೆ ಸುರುಳಿಯಾಗುತ್ತಿತ್ತು, ಆ ದಿನ ಹತ್ತು ಗಂಟೆಗೆಲ್ಲ ಕಬ್ಬು ಖಾಲಿ. ಅವಳು ತಿರುಗಿ ನೋಡಿದಳೋ ಇಲ್ಲವೋ — ಬೆನ್ನು ನೆನಪಿದೆ, ಬಗ್ಗಿದ ಬೆನ್ನು, ಅದರಾಚೆ ನೆನಪಿಲ್ಲ, ಮರುದಿನದಿಂದ ಅವಳು ಐಸು ತರಲಿಲ್ಲ, ಹೊಲಿಗೆ ಕೆಲಸ ಸಿಕ್ಕಿತ್ತಲ್ಲ, ಅದಕ್ಕೇ ಇರಬೇಕು, ನೋಡಿರಲಾರಳು, ನೋಡಿದ್ದರೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವಾದರೂ ಆಡದೆ ಇರುತ್ತಿದ್ದಳೇ, ನಾಲಿಗೆಯಲ್ಲಿ ಅವಳೇನು ಕಡಿಮೆಯಲ್ಲ.

ನಿನ್ನೆ ಬ್ರಶ್ಶು ತೊಳೆಯುತ್ತಿದ್ದಳು, ನಾಳೆ ಬೋಣಿ ನಿಂದು ಅಕ್ಕ ಎಂದೆ, ತಲೆ ನೆಟ್ಟಗಿದೆಯಾ ನಿಂಗೆ, ಓದಿದ್ದು ಜಾಸ್ತಿಯಾಯ್ತು, ಎಂದು ಕೈ ಒರೆಸಿಕೊಂಡು ಹೋದಳು, ಬರುತ್ತೇನೆ ಎನ್ನಲಿಲ್ಲ. ಏಳು. ಬಾಗಿಲ ಮಡಿಕೆಗಳನ್ನು ಸರಿಸುತ್ತೇನೆ, ನೀಲಿ ಒಣಗಿದೆ, ಕೈಗೆ ಹತ್ತುವುದಿಲ್ಲ, ಬೆಳಕು ಹೂವಿನ ಟೈಲ್ಸಿನ ಮೇಲೆ ನಾನು ಅಂದುಕೊಂಡ ಜಾಗಕ್ಕೇ ಬಂದು ಬೀಳುತ್ತದೆ, ಅಮ್ಮ ನೆಲದ ಮೇಲಿನ ಪುಟ್ಟ ಗೂಡಿನಲ್ಲಿ ಅಂಗಡಿಯ ನೆಲ ಕಾಯುವ ಹೊಟ್ಟೆ ದೊಡ್ಡದಾದ ದೇವರಿಗೆ ಕಪ್ಪು ಕಾಫಿ ಇಟ್ಟು ಊದುಬತ್ತಿ ಹಚ್ಚುತ್ತಾಳೆ, ಫುಂಗ್ ಎಲ್ಲಿ, ಇನ್ನೂ ಬಂದಿಲ್ವಲ್ಲ, ಎನ್ನುತ್ತ ಬಾಗಿಲಿಗೆ ಬಂದವಳು ನಿಂತುಬಿಡುತ್ತಾಳೆ. ಬೀದಿಯಾಚೆ ಬಾದಾಮಿ ಮರದ ಕೆಳಗೆ ಅಕ್ಕ. ಇಸ್ತ್ರಿ ಮಾಡಿದ ಹಸಿರು ಅಂಗಿ, ಹೊಸ ವರ್ಷಕ್ಕೆ ಮಾತ್ರ ಹಾಕುವುದು. ದಾಟುತ್ತಾಳೆ, ಕೆಂಪು ಸಾಲಿನ ಅಂಚಿಗೆ ಬಂದು ನಿಲ್ಲುತ್ತಾಳೆ, ಅಭ್ಯಾಸಕ್ಕೆ ಒಂದು ಚಪ್ಪಲಿ ಬಿಟ್ಟೂ ಆಗಿದೆ. ಡಿಯೆಪ್, ಹಿಂದಿಂದ ಬಾರಮ್ಮ, ಎನ್ನುತ್ತಾಳೆ ಅಮ್ಮ, ಮೆತ್ತಗೆ, ಬೇಡಿಕೊಳ್ಳುವ ಹಾಗೆ. ಅಕ್ಕ ಅಲುಗುವುದಿಲ್ಲ, ನನ್ನನ್ನೇ ನೋಡುತ್ತಾಳೆ. ಅಮ್ಮ, ಅವಳು ಗಿರಾಕಿ, ಎನ್ನುತ್ತೇನೆ, ನನ್ನ ದನಿ ಗಟ್ಟಿಯಾಗಿದೆ, ಚಪ್ಪಲಿ ಹಾಕ್ಕೊಂಡೇ ಬಾ ಅಕ್ಕ, ಇದು ಹೋಟ್ಲು. ಚಪ್ಪಲಿ ಮೆಟ್ಟಿಕೊಳ್ಳುತ್ತಾಳೆ. ಬಲಗಾಲು, ಕೆಂಪು ಸಾಲು, ಎಡಗಾಲು, ಹೂವು. ಗೋಡೆಬದಿಯ ಮೇಜಿಗೆ ಹೋಗಿ ಕೂರುತ್ತಾಳೆ, ಭತ್ತದ ಬಣ್ಣದ ಮುಂದೆ ಹಸಿರು ಅಂಗಿ, ಇದನ್ನು ಯಾವ ಪಟ್ಟಿಯಲ್ಲೂ ನಾನು ಬರೆದಿರಲಿಲ್ಲ, ಅಮ್ಮ ಊದುಬತ್ತಿ ಹಿಡಿದೇ ನಿಂತಿದ್ದಾಳೆ, ನಾನು ಶಾವಿಗೆ ಹಾಕುತ್ತೇನೆ, ವಡೆ, ಸಾರು, ಗೆದ್ದೆ, ಬಟ್ಟಲು ತಂದು ಅವಳ ಮುಂದಿಡುತ್ತೇನೆ, ಅವಳು ಮೇಜಿನ ಕೆಳಕ್ಕೆ ಬಗ್ಗುತ್ತಾಳೆ, ಬಗ್ಗಿದ ಬೆನ್ನು, ಏಳುವಾಗ ಕೈಯಲ್ಲಿ ಆ ಪತ್ರಿಕೆ, ಎರಡಾಗಿ ಮಡಿಚುತ್ತಾಳೆ, ನಾಲ್ಕಾಗಿ ಮಡಿಚುತ್ತಾಳೆ, ನನ್ನ ಕೈಗೆ ಕೊಡುತ್ತಾಳೆ.

ತಗೋ. ನಾನು ಹೋದ್ಮೇಲೆ ಸುಡೋದಾದ್ರೆ ಹೊರಗಡೆ ಸುಡು ಉಯೆನ್, ಈ ನೆಲ ಮೂರು ಮಧ್ಯಾಹ್ನ ಉಜ್ಜಿದೀನಿ, ಕಲೆ ಆಗತ್ತೆ. ಮೆಣಸು ಸ್ವಲ್ಪ ಜಾಸ್ತಿ ಹಾಕು.

ಮೆಣಸು, ಮೆಣಸಿನ ಡಬ್ಬಿ ಎಲ್ಲಿಟ್ಟೆ, ಎಡಗಡೆ ಎರಡನೇ ಅರೆ, ಚೀಟಿ ಅಂಟಿಸಿದ್ದೇನೆ, ನಾನೇ ಅಂಟಿಸಿದ್ದೇನೆ, ಕೈಯಲ್ಲಿ ಕಾಗದ, ಬೀದಿಯ ತಿರುವು, ಚೈನು, ಬಗ್ಗಿದ ಬೆನ್ನು, ಅಂಚು ಕೆಂಪಾಗಿ ಒಳಕ್ಕೆ ಸುರುಳಿಯಾಗುತ್ತಿದೆ, ಸುರುಳಿಯಾಗುತ್ತಿದೆ, ಅದರ ಹೊಗೆಯಾಚೆ, ತಿರುಗಿದ ಮುಖ —