ಶುಕ್ರವಾರದ ಲಕೋಟೆ

ಆ ಊರಿನಲ್ಲಿ ಮನೆ ಕೊಳ್ಳಲು ದುಡ್ಡೊಂದಿದ್ದರೆ ಸಾಲದು, ಕಾಗದವನ್ನೂ ಬರೆಯಬೇಕಿತ್ತು. ಇಷ್ಟು ಕೊಡುತ್ತೇವೆ ಎಂಬ ಚೀಟಿಯ ಜೊತೆಗೆ, ನಾವು ಯಾರು, ನಿಮ್ಮ ಮನೆಯೇ ನಮಗೇಕೆ ಬೇಕು ಎಂದು ಮಾರುವವರಿಗೊಂದು ಪತ್ರ ಬರೆದು, ಎರಡನ್ನೂ ಲಕೋಟೆಗೆ ಹಾಕಿ ಅಂಟಿಸಿ, ಶುಕ್ರವಾರ ಸಂಜೆ ಐದರೊಳಗೆ ದಲ್ಲಾಳಿಯ ಕೈಗಿಡಬೇಕು. ಕೆಲಸಕ್ಕೆ ಅರ್ಜಿ ಹಾಕುವವರೂ ಅಷ್ಟು ಹಲ್ಲುಗಿಂಜುವುದಿಲ್ಲ.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು, ಗಂಡ ಲಿಫ್ಟ್ ರಿಪೇರಿಯವನು. ಒಂದು ವರ್ಷದಲ್ಲಿ ಆರು ಮನೆಗೆ ಲಕೋಟೆ ಕೊಟ್ಟಿದ್ದರು, ಆರೂ ಕೈತಪ್ಪಿದ್ದವು. ಮೊದಲನೆಯದು ಹೋದಾಗ ಅವಳಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯದು ಹೋದಾಗ ದಲ್ಲಾಳಿಯನ್ನು ಬಾಯಿಗೆ ಬಂದಂತೆ ಬೈದಳು. ಅವನು ಅದಕ್ಕೂ "ಆಯ್ತು ಬಿಡಿ" ಎಂದ. ಏನು ಹೇಳಿದರೂ ಅಷ್ಟೇ ಅನ್ನುತ್ತಿದ್ದುದರಿಂದ ಗಂಡ ಹೆಂಡತಿ ಅವನಿಗೆ ಆಯ್ತುಬಿಡಿ ಎಂದೇ ಹೆಸರಿಟ್ಟಿದ್ದರು.

ನಾಲ್ಕನೆಯ ಮನೆಯ ಹೊತ್ತಿಗೆ ಹೊಟ್ಟೆಯಲ್ಲಿದ್ದ ಮಗು ಹೋಯಿತು. ಅವಳು ಎರಡು ದಿನ ರಜೆ ಹಾಕಿದಳು. ಮೂರನೆಯ ದಿನ ಅಂಗಡಿಗೆ ಹೋಗಿ ಹನ್ನೊಂದು ಜೊತೆ ಗಾಜು ಕೂರಿಸಿದಳು, ಒಂದೂ ಒಡೆಯಲಿಲ್ಲ. ಆಮೇಲೆ ಐದನೆಯದು, ಆರನೆಯದು ಹೋದಾಗ ಅವಳಿಗೆ ಏನೂ ಅನ್ನಿಸಲಿಲ್ಲ. ಸಂತೆಯಲ್ಲಿ ಸೌತೆಕಾಯಿ ಮುಗಿದಿದೆ ಎಂದರೆ ಎಷ್ಟು ಬೇಸರವಾಗುತ್ತದೋ ಅಷ್ಟೇ.

ಏಳನೆಯದು ಒಬ್ಬ ನಿವೃತ್ತ ಹೊಲಿಗೆ ಟೀಚರಮ್ಮನ ಮನೆ. ಎರಡನೆಯ ಮಹಡಿ, ಎರಡು ಕೋಣೆ, ಬೀದಿಗೆ ತೆರೆಯುವ ಕಿಟಕಿ. ಆ ಶುಕ್ರವಾರ ಅಂಗಡಿಯಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಅವಳು ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯ ಪತ್ರವೊಂದನ್ನು ತೆರೆದು, ವಿಳಾಸ ಬದಲಿಸಿ, ಬಾಲ್ಕನಿ ಎಂದಿದ್ದಲ್ಲಿ ಕಿಟಕಿ ಎಂದು ಮಾಡಿ, ಮುದ್ರಿಸಿ ಕಳಿಸಿಬಿಟ್ಟಳು. ಒಮ್ಮೆಯೂ ಓದಿ ನೋಡಲಿಲ್ಲ.

ಸೋಮವಾರ ಆಯ್ತುಬಿಡಿಯ ಫೋನು ಬಂತು.

"ನಿಮ್ಮದಕ್ಕಿಂತ ಜಾಸ್ತಿ ಕೊಡೋರು ಇದ್ದಾರೆ. ಆದ್ರೂ ನಿಮಗೇ ಅಂತೆ. ಪತ್ರ ಓದಿ ಅತ್ತುಬಿಟ್ರಂತೆ ಆಯಮ್ಮ. ಬುಧವಾರ ಹನ್ನೊಂದು ಗಂಟೆಗೆ ಸಹಿ, ಅವರ ಮನೇಲೇ."

ಅಳುವಂಥದ್ದು ಏನು ಬರೆದಿದ್ದೆ ಎಂದು ಅವಳು ಪತ್ರ ತೆರೆದು ನೋಡಿದಳು. ಅದು ಮೂರನೆಯ ಮನೆಗೆ ಬರೆದ ಪತ್ರ. ಕೊನೆಯಲ್ಲಿ, 'ನಮಗೆ ಮಗುವಾಗಲಿದೆ, ಚಿಕ್ಕ ಕೋಣೆ ಅದಕ್ಕೆ' ಎಂದಿತ್ತು. ಎದೆ ಧಸಕ್ಕೆನ್ನಬೇಕಿತ್ತು, ಎನ್ನಲಿಲ್ಲ. ಸಂಜೆ ಗಂಡನ ಮುಂದೆ ಹಾಳೆ ಇಟ್ಟಳು. ಅವನು ಎರಡು ಸಲ ಓದಿ ಮಡಚಿದ.

"ನಾವೇನು ಬೇಕಂತ ಬರೆದ್ವಾ?" ಎಂದ.

"ಹೇಳಿಬಿಡೋಣ್ವಾ?"

"ಹೇಳಿದ್ರೆ ಜಾಸ್ತಿ ಕೊಡೋರಿಗೆ ಹೋಗತ್ತೆ. ಇದೂ ಹೋದ್ರೆ ನನ್ನ ಕೈಲಿ ಇನ್ನೊಂದು ಮನೆ ನೋಡಕ್ಕಾಗಲ್ಲ ಕಣೇ."

ಅವನ ದನಿ ನಡುಗಿತು. ಅವನಿಗಿನ್ನೂ ಅಳು ಬರುತ್ತದಲ್ಲ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು.

ಬುಧವಾರ ಟೀಚರಮ್ಮ ಬಾಗಿಲಲ್ಲೇ ನಿಂತು ಕಾಯುತ್ತಿದ್ದರು. ಗಂಡಸರಿಬ್ಬರನ್ನು ಮೇಜಿನ ಮುಂದೆ ಕಾಗದಪತ್ರದ ಜೊತೆ ಬಿಟ್ಟು, ಅವಳ ಮೊಣಕೈ ಹಿಡಿದು ಚಿಕ್ಕ ಕೋಣೆಗೆ ಕರೆದೊಯ್ದರು. ಮನೆ ನೋಡಲು ಬಂದಾಗ ಅಲ್ಲಿದ್ದ ಹೊಲಿಗೆ ಯಂತ್ರ ಈಗಿರಲಿಲ್ಲ. ಗೋಡೆಗೆ ಹೊಸದಾಗಿ ತಿಳಿಹಳದಿ ಬಣ್ಣ ಬಳಿದಿತ್ತು.

"ಕಿಟಕಿ ಚಿಲಕ ಕಿತ್ತು ಮೇಲೆ ಹಾಕಿಸಿದೀನಿ ನೋಡು. ಕೈಗೆ ಸಿಕ್ಕಿದ್ರೆ ಮಕ್ಕಳು ಸುಮ್ನಿರ್ತವಾ?" ಎಂದರು. "ನೆಲದಲ್ಲಿ ಎಷ್ಟು ಗುಂಡುಸೂಜಿ ಇತ್ತು ಗೊತ್ತಾ? ಅಯಸ್ಕಾಂತ ಹಿಡ್ಕೊಂಡು ಎರಡು ದಿನ ಮಂಡಿಯೂರಿ ಆರಿಸಿದೆ. ಒಂದೂ ಉಳಿದಿಲ್ಲ."

ಮನೆ ಮಾರಿ ಹೋಗುವವರು ಬಲ್ಬನ್ನೂ ಬಿಚ್ಚಿಕೊಂಡು ಹೋಗುವ ಊರದು. ಈಗ ಹೇಳಬೇಕು ಎಂದು ಅವಳು ಬಾಯಿ ತೆರೆದಳು.

"ಇನ್ನೂ ಕಾಣಿಸ್ತಾನೇ ಇಲ್ಲ. ಎಷ್ಟು ತಿಂಗಳು?" ಎಂದು ಟೀಚರಮ್ಮ ಕೇಳಿದರು.

"ನಾಲ್ಕು," ಎಂದಳು.

ಸುಳ್ಳೇನಲ್ಲ, ಅದು ನಾಲ್ಕಕ್ಕೇ ನಿಂತಿತ್ತು. ಆದರೆ ಈ ಹೆಂಗಸಿನ ಮನಸ್ಸಿನಲ್ಲಿ ಅದು ನಿಲ್ಲದೆ ಬೆಳೆಯುತ್ತಿದೆ, ಮುಂದಿನ ತಿಂಗಳು ಅದಕ್ಕೆ ಐದು ತುಂಬುತ್ತದೆ ಎಂದು ಅವಳಿಗೆ ಆಗ ಹೊಳೆಯಿತು. ಲೋಕದಲ್ಲಿ ಆ ಮಗು ಇರುವುದು ಅಲ್ಲೊಂದೇ ಕಡೆ. ಅಲ್ಲಿಂದಲೂ ಅದನ್ನು ಕಳೆಯಲು ಅವಳಿಗೆ ಮನಸ್ಸು ಬರಲಿಲ್ಲ. ಮೂರು ತಿಂಗಳಿಂದ ಮರಗಟ್ಟಿದ್ದ ಎದೆಯಲ್ಲಿ ನೋವು ಮೊದಲ ಸಲ ನೋವಿನ ಹಾಗೆಯೇ ಎದ್ದಿತು. ಅವಳು ಗೋಡೆಗೆ ಕೈಯೂರಿ ನಿಂತಳು.

"ಸುಸ್ತಾ? ನಿಧಾನ, ನಿಧಾನ," ಎಂದು ಟೀಚರಮ್ಮ ಬೆನ್ನು ಸವರಿದರು.

ಹೊರಗೆ ಬಂದು ಅವಳು ತೋರಿಸಿದಲ್ಲೆಲ್ಲ ಸಹಿ ಹಾಕಿದಳು. ಗಂಡ ಅವಳ ಮುಖ ನೋಡಲಿಲ್ಲ. ಆಯ್ತುಬಿಡಿ ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡು ಆಗಲೇ ಎದ್ದಿದ್ದ. ಟೀಚರಮ್ಮ ತಾವು ಇನ್ನು ಹೋಗಿ ಇರಲಿದ್ದ ತಂಗಿಯ ಮನೆಯ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಅವಳ ಕೈಗಿತ್ತರು.

"ಹುಟ್ಟಿದ ದಿನ ಒಂದು ಫೋನ್ ಮಾಡಮ್ಮ. ಗಂಡೋ ಹೆಣ್ಣೋ ಅಷ್ಟು ಹೇಳು, ಸಾಕು."

"ಮಾಡ್ತೀನಿ," ಎಂದಳು. ಮೆಟ್ಟಿಲಿಳಿಯುತ್ತ, ಇವತ್ತಿಗೆ ನಾಲ್ಕಾದರೆ ಆ ಫೋನು ಯಾವ ತಿಂಗಳು ಮಾಡಬೇಕಾಗುತ್ತದೆ ಎಂದು ಬೆರಳು ಮಡಿಸಿ ಎಣಿಸಿದಳು.