ದೇವಕ್ಕನ ಕಿಡ್ನಿ ತವರುಮನೆಯದೇ

ಭಾಂಡುಪ್ಪಿನ ಚಾಳಿನಲ್ಲಿ ದೇವಕ್ಕ ರೊಟ್ಟಿ ಬಡಿಯಲು ಕೂತರೆ ಕಟ್ಟಡ ಕೆಲಸದ ಗಂಡಸರು ಬಾಗಿಲಲ್ಲಿ ಪಾಳಿ ಹಚ್ಚುತ್ತಿದ್ದರು. ವಿಜಾಪುರ ಕಡೆಯವರಿಗೆ ಮುಂಬಯಿಯಲ್ಲಿ ಅಂಥ ಜೋಳದ ರೊಟ್ಟಿ ಬೇರೆಲ್ಲಿ ಸಿಗಬೇಕು? ಆದರೆ ಈಚೆಗೆ ಆಕೆ ನಡುವೆಯೇ ಸೊಂಟ ಹಿಡಿದು ಕೂತುಬಿಡುತ್ತಿದ್ದಳು. ತಲೆ ಸಿಡಿಯುತ್ತಿತ್ತು. ಚಹಾದ ಜೊತೆ ಒಂದು ನೋವಿನ ಗುಳಿಗೆ ನುಂಗಿ ಮತ್ತೆ ಹಿಟ್ಟು ನಾದುತ್ತಿದ್ದಳು.

ಅದೇ ಚಾಳಿನ ಸೇವಂತಿ ಮುನಿಸಿಪಾಲಿಟಿ ದವಾಖಾನೆಯಲ್ಲಿ ನರ್ಸ್. ಒಂದು ಸಂಜೆ ರೊಟ್ಟಿಗೆ ಬಂದವಳು ಒಲೆಯ ಪಕ್ಕದ ಗುಳಿಗೆ ನೋಡಿದಳು.

"ದೇವಕ್ಕ, ಇದು ದಿನಾ ತಗೊಳ್ತೀರಾ?"

"ರೊಟ್ಟಿ ಬಡದು ಬಡದು ನಡಾ ಹಿಡಿದೈತ್ರಿ ಸಿಸ್ಟರ್. ಇಷ್ಟಕ್ಕ ದವಾಖಾನಿಗಿ ಯಾರ ಬರತಾರ?"

"ನಿಮ್ಮ ಅಣ್ಣ ಚಂದ್ರಾಮ ಹ್ಯಾಗಿದ್ದಾನೆ?"

ದೇವಕ್ಕನ ಮುಖ ಸಣ್ಣದಾಯಿತು. ಚಂದ್ರಾಮನ ಎರಡೂ ಕಿಡ್ನಿಗಳ ತುಂಬ ನೀರಿನ ಗುಳ್ಳೆ. ಕಿಡ್ನಿ ಕೈಕೊಟ್ಟು, ಈಗ ಮಷಿನ್ ಹಚ್ಚಿ ರಕ್ತ ಶುದ್ಧ ಮಾಡುತ್ತಿದ್ದರು. ಅಪ್ಪ ಸತ್ತದ್ದೂ ಹೀಗೆಯೇ ಮೈ ಊದಿ. ಇದು ರಕ್ತದಲ್ಲಿ ಬರುವ ಬೇನೆ, ಒಡಹುಟ್ಟಿದವರೆಲ್ಲ ಬಂದು ತೋರಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ತಮ್ಮಂದಿರು ಹೋಗಿ ಬಂದರು. ಅಕ್ಕತಂಗಿಯರನ್ನು ಯಾರೂ ಕರೆಯಲಿಲ್ಲ.

"ನೀವು ಯಾಕೆ ಹೋಗಲಿಲ್ಲ?"

"ನಾ ಯಾಕ ಹೋಗ್ಲಿ? ಲಗ್ನದಾಗ ತಲಿಮ್ಯಾಲ ಅಕ್ಕಿಕಾಳ ಬಿದ್ದ ಮ್ಯಾಲ ನಾ ಈ ಮನಿಯಾಕಿ. ಅಡ್ಡಹೆಸರ ಬ್ಯಾರೆ, ಮನಿದೇವರ ಬ್ಯಾರೆ. ತವರಮನಿ ಬ್ಯಾನಿ ನನಗ್ಯಾಕ ಬರತೈತಿ?"

ಅತ್ತೆ ಅಂಬವ್ವ ಬಾಗಿಲಿನಿಂದಲೇ ದನಿಗೂಡಿಸಿದಳು. "ಖರೇ ಐತಿ. ಸುಮ್ಮ ಇದ್ದಾಕಿನ್ನ ಜಡ್ಡಿನಾಕಿ ಮಾಡಬ್ಯಾಡ್ರಿ." ರೋಗದ ಸೊಸೆ ತಂದರೆಂದು ನಳದ ಹತ್ತಿರ ಹೆಂಗಸರು ಆಡಿಕೊಳ್ಳುತ್ತಾರೆ ಎಂಬುದೇ ಆ ಮುದುಕಿಯ ಅಂಜಿಕೆ.

ಸೇವಂತಿ ನಕ್ಕಳು. "ಅಂಬವ್ವ, ನಿಮ್ಮ ಸೊಸೆಗೆ ದಪ್ಪ ಮೂಗು ಅಂತ ಚಾಳಿಗೆಲ್ಲ ಕೇಳೋ ಹಾಗೆ ಹಂಗಿಸ್ತೀರಲ್ಲ, ಅದು ಯಾರ ಮೂಗು?"

"ಮತ್ಯಾರದು? ಅವರಪ್ಪಂದು."

"ಅಕ್ಕಿಕಾಳು ಬಿದ್ದ ಮೇಲೆ ಮೂಗು ಬದಲಾಗಬೇಕಿತ್ತಲ್ಲ?"

ಎಂದೂ ಮಾತಿಗೆ ಸೋಲದ ಅಂಬವ್ವ ಸೊಸೆಯ ಮೂಗನ್ನೇ ದಿಟ್ಟಿಸಿದಳು.

"ಮೂಗು ಬಂದ ದಾರೀಲೇ ಈ ಬೇನೆನೂ ಬರ್ತದೆ," ಎಂದಳು ಸೇವಂತಿ. "ಅಪ್ಪನಿಗೋ ಅವ್ವನಿಗೋ ಇದ್ದರೆ, ಗಂಡಾಗಲಿ ಹೆಣ್ಣಾಗಲಿ, ಹುಟ್ಟೋ ಪ್ರತಿ ಮಗುವಿಗೂ ಬರಬಹುದು, ಬಿಡಬಹುದು, ಅರ್ಧಕ್ಕರ್ಧ. ಸೋನೋಗ್ರಫಿ ಮಾಡಿದರೆ ಕಾಣ್ತದೆ. ಸೂಜಿ ಇಲ್ಲ, ಕೊಯ್ಯೋದಿಲ್ಲ. ಹೊಟ್ಟೆ ಮೇಲೆ ಮಷಿನ್ ಆಡಿಸ್ತಾರೆ, ಟಿವಿ ಹಾಗೆ ಒಳಗಿಂದು ತೋರಿಸ್ತದೆ."

"ಗೊತ್ತಾಗಿ ಏನ ಮಾಡೂದ್ರಿ? ಗೊತ್ತಿಲ್ಲದಿದ್ದರ ನಿದ್ದಿಯಾದರೂ ಬರತೈತಿ."

"ಚಂದ್ರಾಮನೂ ಹಾಗೇ ನಿದ್ದೆ ಮಾಡಿದ. ಬಿಪಿ ಏರಿ ಒಳಗೊಳಗೇ ಕಿಡ್ನಿ ತಿಂದುಹಾಕ್ತು. ಮೊದಲೇ ಗೊತ್ತಾಗಿದ್ದರೆ ಬಿಪಿ ಹಿಡಿದಿಡಬಹುದಿತ್ತು."

ಅಣ್ಣನ ಊದಿದ ಮುಖ ದೇವಕ್ಕನ ಕಣ್ಣಮುಂದೆ ಬಂತು. ತಾನೂ ಹಾಗೆ ಮಲಗಿದರೆ ಮಕ್ಕಳ ಗತಿ ಏನು? ಆಕೆ ಬಾಯಿ ತೆರೆಯುವ ಮೊದಲೇ ಅಂಬವ್ವ, "ನಳದ ಹೆಂಗಸರು ಏನರ ಅನ್ನಲಿ. ನಡಿ, ದವಾಖಾನಿಗಿ ನಾನೂ ಬರತೀನಿ," ಎಂದಳು.

ದೊಡ್ಡಾಸ್ಪತ್ರೆಯ ಮಷಿನ್ ಸುಳ್ಳು ಹೇಳಲಿಲ್ಲ. ಗುಳ್ಳೆಗಳಿದ್ದವು. ಬಿಪಿಯೂ ಏರಿತ್ತು. ಆದರೆ ಡಾಕ್ಟರ ಮಾತಿನಲ್ಲಿ ಗಾಬರಿಯಿರಲಿಲ್ಲ. "ನಿಮ್ಮ ಕಿಡ್ನಿ ಇನ್ನೂ ಚೆನ್ನಾಗಿ ಕೆಲಸ ಮಾಡ್ತಿವೆ. ಬಿಪಿ ಗುಳಿಗೆ ತಪ್ಪಿಸಬೇಡಿ, ಉಪ್ಪು ಕಡಿಮೆ ಮಾಡಿ. ನೋವಿನ ಗುಳಿಗೆ ಕಿಡ್ನಿಗೆ ಕೆಡುಕು, ನಮ್ಮನ್ನು ಕೇಳದೆ ಮುಟ್ಟಬೇಡಿ. ಉರಿಮೂತ್ರ, ಮೂತ್ರದಲ್ಲಿ ರಕ್ತ ಕಂಡರೆ ತಡ ಮಾಡದೆ ಬನ್ನಿ."

ಹೊರಗೆ ಬಸ್ ಸ್ಟಾಪಿನಲ್ಲಿ ದೇವಕ್ಕ ಅತ್ತಳು. ಅಂಬವ್ವ ತನ್ನ ಸೆರಗಿನಿಂದಲೇ ಸೊಸೆಯ ಕಣ್ಣು ಒರೆಸಿದಳು. "ಅಳೂದ್ಯಾಕ? ನಿಮ್ಮಣ್ಣಗ ತಡಾ ಆತು, ನಿನಗ ಆಗಿಲ್ಲ. ನಿಮ್ಮಕ್ಕ ಮಲ್ಲಕ್ಕ ಎಲ್ಲದಾಳ?"

ಮಲ್ಲಕ್ಕನನ್ನು ಕೊಟ್ಟದ್ದು ಮಲಾಡಿಗೆ. ಅತ್ತೆ ಸೊಸೆ ಇಬ್ಬರೂ ದಾದರಿನಲ್ಲಿ ಲೋಕಲ್ ಬದಲಿಸಿ ಅಲ್ಲಿಗೆ ಹೋದರು. "ನಮ್ಮ ಸೊಸಿಗಿ ಏನೂ ಆಗಿಲ್ಲ, ಗಟ್ಟಿ ಅದಾಳ," ಎಂದು ಮಲ್ಲಕ್ಕನ ಅತ್ತೆ ಮುಖ ತಿರುಗಿಸಿದಳು.

ಅಂಬವ್ವ ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತಳು. "ನನ್ನ ಸೊಸಿಗಿ ಐತವಾ. ಮುಚ್ಚಿಡೂದಿಲ್ಲ. ಗೊತ್ತಾಗೇತಿ, ಗುಳಿಗಿ ನುಂಗತಾಳ, ಬದಕತಾಳ. ನಿನ್ನ ಸೊಸಿಗಿ ಐತೊ ಇಲ್ಲೊ ನಿನಗ ಗೊತ್ತೈತೇನು?"

ಆ ವಾರವೇ ಮಲ್ಲಕ್ಕನ ಸೋನೋಗ್ರಫಿ ಆಯಿತು. ಆಕೆಗೆ ಗುಳ್ಳೆಯಿರಲಿಲ್ಲ. ನಲವತ್ತರ ಹತ್ತಿರ ಬಂದರೂ ಕಾಣದಿದ್ದರೆ ಬೇನೆ ಬಂದಿಲ್ಲವೆಂದೇ ತಿಳಿಯಬಹುದು, ಮಕ್ಕಳ ಚಿಂತೆಯೂ ಬೇಡ ಎಂದರು ಡಾಕ್ಟರು. ಎಷ್ಟು ದಿನದಿಂದ ಒಳಗೇ ಇಟ್ಟುಕೊಂಡಿದ್ದ ಭಯವೋ, ಮಲ್ಲಕ್ಕ ಅಲ್ಲಿಯೇ ಬಿಕ್ಕಿ ಅತ್ತಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಹೆತ್ತವರಿಗೋ ಒಡಹುಟ್ಟಿದವರಿಗೋ ಕಿಡ್ನಿಯಲ್ಲಿ ನೀರಿನ ಗುಳ್ಳೆಯೇಳುವ ಈ ಬೇನೆ ಇದೆಯೇ? ಹಾಗಿದ್ದರೆ ಮೈ ಗಟ್ಟಿಯಿದೆ ಎಂದು ಕೂರಬೇಡಿ. ಪ್ರಾಯಕ್ಕೆ ಬಂದವರೆಲ್ಲ ಬಿಪಿ, ಮೂತ್ರ, ಸೋನೋಗ್ರಫಿ ತಪಾಸಣೆಯ ಬಗ್ಗೆ ಡಾಕ್ಟರನ್ನು ಕೇಳಿ. ಮದುವೆಯಾಗಿ ಬೇರೆ ಊರು ಸೇರಿದ ಅಕ್ಕತಂಗಿಯರಿಗೆ ಇವತ್ತೇ ಒಂದು ಕಾರ್ಡು ಬರೆಯಿರಿ. ಅವರು ನಿಮ್ಮ ರಕ್ತವೇ.