ಮಧ್ಯಾಹ್ನದ ಪುಟ

ನಮ್ಮ ಮುದ್ರಣಾಲಯದಲ್ಲಿ ಕರಡು ತಿದ್ದಲು ಇಬ್ಬರು ಬೇಕು. ಒಬ್ಬರು ಹಸ್ತಪ್ರತಿಯನ್ನು ವಿರಾಮಚಿಹ್ನೆಗಳ ಸಮೇತ ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕೆಂಪು ಪೆನ್ನು ಹಿಡಿದು ಕೂರುತ್ತಾರೆ. ಕೊನೆಗೆ ಇಬ್ಬರೂ ಸಹಿ ಹಾಕಬೇಕು. ಹದಿನೇಳು ವರ್ಷದಿಂದ ಅಕ್ಕ ಓದುತ್ತಿದ್ದಳು, ನಾನು ತಿದ್ದುತ್ತಿದ್ದೆ. ಒಡಹುಟ್ಟಿದವಳಲ್ಲ, ಇಡೀ ಮುದ್ರಣಾಲಯಕ್ಕೇ ಅವಳು ಅಕ್ಕ. ಕಾದಂಬರಿ ಬಂದರೆ ಅದರೊಳಗೆ ಇಳಿದೇಬಿಡುವಳು. ನಾಯಕಿ ಸತ್ತರೆ ಮೂಗೊರೆಸಿಕೊಳ್ಳುತ್ತ "ಪೂರ್ಣವಿರಾಮ" ಎಂದು ಬಿಕ್ಕುವಳು. ನನಗೆ ಸಾಹಿತ್ಯವೆಂದರೆ ಅವಳ ದನಿ, ಅಷ್ಟೇ.

ಹೋದ ವರ್ಷ ಅಪರೂಪದ ಇಂಗ್ಲಿಷ್ ಪದಗಳ ಕೋಶವೊಂದು ಅಚ್ಚಿಗೆ ಬಂತು. 'ಅಪ್ರಿಸಿಟಿ' ಎಂದರೆ ಚಳಿಗಾಲದ ಬಿಸಿಲಿನ ಬಿಸುಪು. ಆ ಪದ ಸಿಕ್ಕ ದಿನ ಇಬ್ಬರೂ ಕುರ್ಚಿ ಎಳೆದುಕೊಂಡು ಕಿಟಕಿಯ ಬಳಿ ಕೂತೆವು.

"ಇಷ್ಟು ವರ್ಷ ಹೆಸರೇ ಗೊತ್ತಿಲ್ದೆ ಬಿಸಿಲು ಕಾಯಿಸ್ಕೊಂಡ್ವಲ್ಲೋ!" ಎಂದಳು.

ಆಮೇಲೆ ಮೇಷ್ಟ್ರು ವಕ್ಕರಿಸಿದರು. ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಇಂಗ್ಲಿಷ್ ಬಲ್ಲವರೊಬ್ಬರಿರಲೆಂದು ಮ್ಯಾನೇಜರ್ ಕರೆಸಿ, ಕೋಶದ ಅರ್ಧದಷ್ಟು ಪುಟಗಳನ್ನು ಅವರಿಗೆ ಕೊಟ್ಟಿದ್ದರು. ಬೆಳಿಗ್ಗೆ ಅಕ್ಕ ನನ್ನ ಜೊತೆ ಓದಬೇಕು, ಮಧ್ಯಾಹ್ನ ಅವರ ಜೊತೆ. ನನ್ನ ಮೇಜಿಗೂ ಅವರ ಮೇಜಿಗೂ ನಡುವೆ ಒಂದು ಪ್ಲೈವುಡ್ ಗೋಡೆ. ಊಟ ಮುಗಿಸಿ ಕೂತರೆ ಸಾಕು, ಆಚೆಯಿಂದ ಇಬ್ಬರ ನಗು. ಪದಕೋಶದಲ್ಲಿ ಅಷ್ಟು ನಗುವಂಥದ್ದು ಏನಿರುತ್ತದೆ? ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಅಕ್ಕ ಬಂದವಳೇ, "ನಿನ್ನೆ ಮೇಷ್ಟ್ರ ಹತ್ರ ಎಂಥಾ ಪದ ಸಿಕ್ತು ಗೊತ್ತಾ? 'ಮಂಪ್ಸಿಮಸ್'. ತಪ್ಪು ಅಂತ ತೋರಿಸಿದ್ರೂ ಅದನ್ನೇ ಹಿಡ್ಕೊಂಡು ಕೂರೋನು!" ಎಂದು ನಕ್ಕಳು.

"ಅವರ ಜೊತೆ ತುಂಬಾ ಮಜಾ ಅನ್ಸುತ್ತೆ" ಎಂದೆ.

"ಹೂಂ ಕಣೋ" ಎಂದು ಓದತೊಡಗಿದಳು. ಆ 'ಹೂಂ' ಇಡೀ ಬೆಳಿಗ್ಗೆ ನನ್ನ ಕಿವಿಯಲ್ಲೇ ಇತ್ತು.

ಮನೆಯಲ್ಲಿ ಹೆಂಡತಿ ರೇಗಿಸಿದಳು: "ನಾನು ತವರಿಗೆ ಹೋದಾಗ್ಲೂ ನಿಮ್ಮ ಮುಖ ಇಷ್ಟು ಸಪ್ಪಗಾಗಿದ್ದು ನೋಡಿಲ್ಲಪ್ಪ."

ಕೋಶ ಮುಗಿದಾಗ ಕೊನೆಯ ಸುತ್ತಿನ ಪುಟಗಳು ನನ್ನ ಮೇಜಿಗೆ ಬಂದವು. ಹೊಸದಾಗಿ ಅಚ್ಚಾದ ಹಾಳೆಗಳು, ಯಾರ ಸಹಿಯೂ ಇರಲಿಲ್ಲ. ಒಂದು ಪುಟದಲ್ಲಿ 'ಗಾಂಗೂಜ್ಲರ್' ಎಂಬ ಪದ. ಕಾಲುವೆ ದಂಡೆಯಲ್ಲಿ ನಿಂತು ಹೋಗಿಬರುವ ದೋಣಿಗಳನ್ನು ಸುಮ್ಮನೆ ನೋಡುವವನು ಎಂದು ಅರ್ಥ. ಆದರೆ ಆ ಅರ್ಥ ಅದರ ಕೆಳಗಿನ ಪದಕ್ಕೆ ಅಂಟಿಕೊಂಡಿತ್ತು, ಕೆಳಗಿನದರ ಅರ್ಥ ಇದಕ್ಕೆ. ಇಷ್ಟು ಚೆಂದದ ಪದವನ್ನು ಅಕ್ಕ ನನಗೆ ಓದಿರಲೇ ಇಲ್ಲ. ಅಂದಮೇಲೆ ಇದು ಮಧ್ಯಾಹ್ನದ ಪುಟ. ನಗುವಿನಲ್ಲಿ ಮುಳುಗಿದವರಿಗೆ ತಪ್ಪು ಎಲ್ಲಿ ಕಾಣಬೇಕು? ನನಗಾದ ಖುಷಿ ಅಷ್ಟಿಷ್ಟಲ್ಲ. ಈ ಪುಟ ಸಾಕು, ಮೇಷ್ಟ್ರು ಮನೆಗೆ, ಅಕ್ಕ ಮತ್ತೆ ಪೂರ್ತಿ ನನ್ನ ಕಡೆಗೆ.

ಕೆಂಪು ಗುರುತು ಹಾಕಿ ನೇರ ಮ್ಯಾನೇಜರ್ ಕೋಣೆಗೆ ಹೋದೆ. "ಮೇಷ್ಟ್ರ ಕೆಲಸ ನೋಡಿ ಸಾರ್."

ಅವರು ಅಕ್ಕನನ್ನೂ ಮೇಷ್ಟ್ರನ್ನೂ ಕರೆಸಿ, ಬೀರುವಿನಿಂದ ಆ ಪುಟದ ಹಳೆಯ ಕರಡು ತೆಗೆದು ಮೇಜಿನ ಮೇಲಿಟ್ಟರು. ಕೆಳಗೆ ಅಕ್ಕನ ಸಹಿ. ಪಕ್ಕದಲ್ಲಿ ನನ್ನದು.

"ಇದೇನ್ರೀ ಇದು?" ಎಂದರು ಮ್ಯಾನೇಜರ್.

ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. "ನಾನೇ ತಪ್ಪಾಗಿ ಓದಿರ್ಬೇಕು ಸಾರ್. ಇವನದ್ದೇನೂ ಇಲ್ಲ."

"ವಯಸ್ಸಾಯ್ತಲ್ಲಮ್ಮ ನಿಮಗೂ" ಎಂದರು ಮ್ಯಾನೇಜರ್. ಅಕ್ಕ ನೋಡಿ ಓದಿದ ಹಸ್ತಪ್ರತಿಯಲ್ಲಿ ಎರಡೂ ಅರ್ಥ ಸರಿಯಾಗಿಯೇ ಇದ್ದವು, ತಪ್ಪು ಬಿಟ್ಟಿದ್ದು ನನ್ನ ಕೆಂಪು ಪೆನ್ನು. ಅವರು ನೋಡಲಿಲ್ಲ, ನಾನು ತೋರಿಸಲಿಲ್ಲ. ಮೇಷ್ಟ್ರು ಮಾತ್ರ, "ಯಾರಿಗೆ ತಪ್ಪೋದಿಲ್ಲ ಬಿಡಿ" ಎಂದು ಹೊರಟರು.

ಮೆಟ್ಟಿಲ ಬಳಿ ಅಕ್ಕನನ್ನು ತಡೆದೆ. "ಅಕ್ಕಾ, ನೀನು ಆ ಪದ ನನಗೆ ಓದಿದ್ದೇ ನೆನಪಿಲ್ಲ."

"ಎರಡು ಸಲ ಓದ್ದೆ ಕಣೋ" ಎಂದಳು. "ನಿನಗೆ ನಗು ಬರುತ್ತೆ ಅಂತ ಎರಡನೇ ಸಲ ಓದ್ದೆ. ನೀನು ಗೋಡೆ ಕಡೆ ನೋಡ್ತಿದ್ದೆ."

ಹಾಗೆಂದು ಸೆರಗು ಸರಿಮಾಡಿಕೊಂಡು ಕೆಳಗಿಳಿದು ಹೋದಳು.